ಲಡಾಯಿ ಮುಗಿಯೋತನಕ

"ತಡಿಯೋ ಮಾಳಿಂಗಾ, ಗುದ್ದಲಿ ಕೆಳಗಿಡು!"

ಮೊಣಕಾಲುದ್ದ ಅಗೆದ ಕುಣಿಯಲ್ಲಿ ಆಳು ಮಾಳಿಂಗಪ್ಪ ಎತ್ತಿದ ಗುದ್ದಲಿಯನ್ನು ಹಾಗೇ ಹಿಡಿದು ನಿಂತ. ಬಿಸಿಲಲ್ಲಿ ಓಡಿಬಂದ ಅಮರಗುಂಡಪ್ಪ ಅತ್ತಿಗೆ ಪಂಪಮ್ಮನ ಎದುರು ನಿಂತು ಏದುಸಿರು ಬಿಟ್ಟ. ಬೇವಿನ ನೆರಳಲ್ಲಿ ಚಟ್ಟದ ಮೇಲೆ, ಪಂಪಮ್ಮನದೇ ಹಳೆಯ ಸೀರೆ ಹೊದ್ದು ಅಪ್ಪಲಮ್ಮ ಮಲಗಿದ್ದಳು. ನೆರೆಮನೆಯ ದಾವಲ್‌ಬೀ ಪಕ್ಕದಲ್ಲಿ ಕುಳಿತು ಸೆರಗಿನಿಂದ ನೊಣ ಹೊಡೆಯುತ್ತಿದ್ದಳು. ಹೆಣದ ಜೊತೆ ಬಂದವರು ಅಷ್ಟೇ ಮಂದಿ.

"ಅತ್ತಿಗೀ, ನಮ್ಮಪ್ಪ, ನಮ್ಮಣ್ಣ ಮಲಗಿದ ಹೊಲ ಇದು. ಇಲ್ಲಿ ಯಾರನ್ನ ಹೂಳಾಕತ್ತೀರಿ?"

"ಅಪ್ಪಲಮ್ಮನ್ನ."

"ಕುಲ ಯಾವದು ಆಕಿದು? ಊರು ಯಾವದು?"

"ಐದು ಬ್ಯಾಸಿಗಿ ನಮ್ಮ ದನದ ಮನ್ಯಾಗ ಇದ್ಲು. ಕುಲ ಈಗ ಕೇಳ್ತಿ ಅಲ್ಲ ತಮ್ಮಾ?"

"ಗೌಡ್ರು ಹಳ್ಳದ ದಂಡ್ಯಾಗ ಹೂಳ್ರಿ ಅಂದಿಲ್ಲೇನು?"

"ಅಂದ್ರು. ಹಳ್ಳ ಬಂದ್ರ ಅಲ್ಲಿ ಮಣ್ಣು ನಿಲ್ತೈತೇನು? ಸತ್ತ ಮ್ಯಾಲೂ ಆಕಿ ಊರೂರು ತಿರುಗಬೇಕೇನು?"

ಅಮರಗುಂಡಪ್ಪ ರುಮಾಲು ಬಿಚ್ಚಿ ಮುಖ ಒರೆಸಿಕೊಂಡು, ಹೆಣಕ್ಕೆ ಬೆನ್ನು ಮಾಡಿ ಕುಳಿತ.

* * *

ಅಪ್ಪಲಮ್ಮ ಮಸ್ಕಿಗೆ ಬಂದದ್ದು ರಂಗೂನಿನ ಮೇಲೆ ಬಾಂಬು ಬಿದ್ದ ಮರುಬೇಸಿಗೆಯಲ್ಲಿ. ಆಕೆಯ ಅಪ್ಪ ಕೂಲಿಗೆಂದು ಹಡಗು ಹತ್ತಿ ಆ ರಂಗೂನಿಗೇ ಹೋದವನು. ಆಕೆ ಹುಟ್ಟಿದ್ದು, ಮದುವೆಯಾದದ್ದು, ಹೆತ್ತದ್ದು ಎಲ್ಲ ಅಲ್ಲೇ. ಕಾಡುದಾರಿ ಹಿಡಿದು ನಡೆದು ಬರುವಾಗ ಗಂಡ ವಾಂತಿಭೇದಿಗೆ ಹೋದ. ಕೂಸು ಹಾಲಿಲ್ಲದೆ ಹೋಯಿತು. ಗಂಡನ ಕಡೆಯವರನ್ನು ಹುಡುಕಿ ವಿಶಾಖಪಟ್ಟಣ ಮುಟ್ಟಿದರೆ ಅಲ್ಲಿಯೂ ಬಾಂಬು ಬಿದ್ದು ಜನ ಊರು ಬಿಟ್ಟು ಓಡುತ್ತಿದ್ದರು. ಆಕೆಯೂ ಓಡಿದಳು. ಮಣ್ಣು ಹೊರುವ ತೆಲುಗರ ಗುಂಪೊಂದು ಆಕೆಯನ್ನು ರಾಯಚೂರಿಗೆ ತಂದಿತು, ಮಸ್ಕಿಯ ಚಾವಡಿಯಲ್ಲಿ ಜ್ವರ ಹತ್ತಿದಾಗ ಬಿಟ್ಟು ಹೋಯಿತು.

ಪಂಪಮ್ಮ ಗಂಜಿ ಕೊಂಡೊಯ್ದಳು. ಎದ್ದು ಕೂಡ್ರುವಂತಾದಾಗ, ಗಂಡ ತೀರಿಕೊಂಡ ಮೇಲೆ ಅರ್ಧ ಖಾಲಿಯಿದ್ದ ದನದ ಮನೆಯಲ್ಲಿ ಜಾಗ ಕೊಟ್ಟಳು. ಗೌಡರು ಹಿರಿಯರನ್ನು ಕೂಡಿಸಿ, "ಪರದೇಶಿ ಹೆಣ್ಣು, ನಾಳೆ ತಾಲೂಕಿನವರು ಕೇಳಿದ್ರ ಜವಾಬು ಕೊಡಾವ್ರು ಯಾರು? ಲಡಾಯಿ ಮುಗಿಯೋತನಕ ಇರಲಿ" ಅಂದರು. ಅದು ಕರುಣೆಯ ಮಾತೆಂದು ಎಲ್ಲರೂ ತಲೆದೂಗಿದರು.

ಅವತ್ತಿನಿಂದ ಆಕೆ ಲಿಂಗಸುಗೂರಿನಿಂದ ಬಂದ ಗಾಡಿಗಳನ್ನೆಲ್ಲ ನಿಲ್ಲಿಸಿ ಕೇಳುತ್ತಿದ್ದಳು: "ಲಡಾಯಿ ಮುಗೀತಾ ಅಣ್ಣಾ?" ಮನೆಗೆ ಹೋಗುವ ಆಸೆ ಪಾಪ ಎಂದು ಜನ ಮರುಗಿದರು. ಒಮ್ಮೆ ಹತ್ತಿ ಬಿಡಿಸುವಾಗ ತಲೆಯ ಮೇಲೆ ವಿಮಾನ ಹಾದುಹೋಯಿತು. ಹೆಂಗಸರು ಬಾಯಿ ಬಿಟ್ಟು ನೋಡುತ್ತಿದ್ದರೆ ಅಪ್ಪಲಮ್ಮ ಸಾಲಿನಲ್ಲಿ ಬೋರಲು ಬಿದ್ದಿದ್ದಳು, ಎದೆಯಡಿ ಯಾರನ್ನೋ ಮುಚ್ಚಿಟ್ಟುಕೊಂಡವಳಂತೆ ಕೈ ಮಡಚಿ.

ಆಕೆಯ ಕೇಳಿಕೆಯ ಗುಟ್ಟು ಪಂಪಮ್ಮನಿಗೆ ತಿಳಿದದ್ದು ಒಂದು ನಸುಕಿನಲ್ಲಿ, ಇಬ್ಬರೂ ಜೋಳ ಬೀಸುವಾಗ.

"ಅಮ್ಮಾ, ಒಂದು ಮಾತು. ಯಾರಿಗೂ ಹೇಳಬ್ಯಾಡ. ಲಡಾಯಿ ಮುಗೀಬಾರದು ಅಂತ ದಿನಾ ದೇವರನ್ನ ಬೇಡ್ತೀನಿ."

ಪಂಪಮ್ಮನ ಕೈ ನಿಂತಿತು.

"ನನ್ನ ಗಂಡನ್ನ, ಕೂಸನ್ನ ತಿಂದದ್ದು ಅದೇ ಲಡಾಯಿ. ಅದು ನಿಂತ್ರ ನಾ ಎಲ್ಲಿ ನಿಲ್ಲಲಮ್ಮಾ?"

ಲಡಾಯಿ ನಿಂತೇಬಿಟ್ಟಿತು. ಲಿಂಗಸುಗೂರಿನಲ್ಲಿ ಸಕ್ಕರೆ ಹಂಚಿದರೆಂದು ಸುದ್ದಿ ಬಂದ ಮಧ್ಯಾಹ್ನ ಅಪ್ಪಲಮ್ಮ ದನದ ಮನೆಯನ್ನು ಸಗಣಿ ಸಾರಿಸಿ, ಗಂಟು ಬಗಲಲ್ಲಿಟ್ಟುಕೊಂಡು ಬಾಗಿಲಿಗೆ ಬಂದಳು.

"ಹೋಗಿ ಬರ್ತೀನಮ್ಮಾ."

"ಎಲ್ಲಿಗಿ?"

ಅಪ್ಪಲಮ್ಮ ರಸ್ತೆಯ ಆ ತುದಿ ನೋಡಿದಳು, ಈ ತುದಿ ನೋಡಿದಳು. ಪಂಪಮ್ಮ ಗಂಟು ಕಸಿದುಕೊಂಡು ಒಳಗಿಟ್ಟು ಗೌಡರ ಮನೆಗೆ ನಡೆದಳು. "ಸುಗ್ಗಿ ಮುಗಿಯೋತನಕ ಇರಲಿ" ಅಂದರು ಗೌಡರು. ಸುಗ್ಗಿ ಮುಗಿದಾಗ ಉಗಾದಿಯ ತನಕ ಅಂದರು. ಉಗಾದಿಗೆ ಮಳೆಯ ತನಕ. ಯಾರೂ ಹೋಗೆನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಅಪ್ಪಲಮ್ಮ ಪರರ ಕಣ್ಣಿಗೆ ಬೀಳದಂತೆ ದುಡಿದಳು. ಹಿತ್ತಲಲ್ಲಿ ಒಂದು ಅವರೆಬಳ್ಳಿ ಹಾಕು ಎಂದರೆ, "ಕಾಯಿ ಬಿಡೋ ಹೊತ್ತಿಗೆ ನಾ ಇರ್ತೀನೋ ಇಲ್ಲೋ" ಅನ್ನುವಳು.

ಈ ಸಲದ ಗಡುವಿಗೆ ಇನ್ನೂ ಮಳೆ ಬರಬೇಕಿತ್ತು. ಇವತ್ತು ಮುಂಜಾನೆ ಪಂಪಮ್ಮ ಅಂಬಲಿ ತಂದು ಕೂಗಿದಾಗ ಅಪ್ಪಲಮ್ಮ ಏಳಲಿಲ್ಲ.

* * *

ಬಿಸಿಲು ಇಳಿಯತೊಡಗಿತು. ಹೆಣ ಇನ್ನು ತಡೆಯುವಂತಿರಲಿಲ್ಲ.

"ಏ ತಮ್ಮಾ, ಏನಾರ ಒಂದು ಅನ್ನಪ್ಪಾ. ನಾನೇ ನೀರು ಹಾಕೀನಿ ಆ ಮೈಗೆ. ಒಣ ಕಟಿಗಿ ಆಗ್ಯಾಳ. ನಿನ್ನ ಹೊಲದಾಗ ಎಷ್ಟು ಜಾಗ ತಿಂತಾಳ?" ಎಂದಳು ದಾವಲ್‌ಬೀ.

ಅಮರಗುಂಡಪ್ಪ ಕೆಟ್ಟವನಲ್ಲ. ಅವನ ಹೆಂಡತಿಯ ಬಾಣಂತನ ಮಾಡಿದವಳು ಅಪ್ಪಲಮ್ಮ. ಅವನು ಎದ್ದು, ಚಟ್ಟದ ಕಡೆ ಒಮ್ಮೆ ನೋಡಿ, ಕಣ್ಣು ತಪ್ಪಿಸಿ ನುಡಿದ:

"ಆತು, ಹೂಳ್ರಿ. ಆದ್ರ ಮಂದಿ ನಾಳೆ ಕೇಳ್ತಾರ. ಬಿತ್ತಿಗಿ ತನಕ ಇರಲಿ. ಕುಂಟಿ ಹೊಡಿಯೋ ಮುಂದ ಈ ಗುಡ್ಡಿ ಸಾಪ ಮಾಡಿ ಹೊಲಕ್ಕ ಸಮ ಮಾಡಿಬಿಡ್ತೀನಿ."

ಪಂಪಮ್ಮ ಮೈದುನನ ಮುಖವನ್ನೇ ನೋಡಿದಳು. ಮಾಳಿಂಗಪ್ಪ ಮತ್ತೆ ಗುದ್ದಲಿ ಎತ್ತಿದ.

ಮಣ್ಣು ಮುಚ್ಚುವ ಹೊತ್ತಿಗೆ ಮಂತ್ರ ಹೇಳುವವರಿರಲಿಲ್ಲ, ಹೆಸರು ಹಿಡಿದು ಅಳುವವರೂ ಇರಲಿಲ್ಲ. ದಾವಲ್‌ಬೀ ತುಟಿಯೊಳಗೇ ಏನೋ ಪಠಿಸಿದಳು. ಪಂಪಮ್ಮ ಗಂಡನ ಗದ್ದುಗೆಯ ವಿಭೂತಿ ತಂದು ಹೊಸ ಮಣ್ಣಿಗೆ ಸವರಿದಳು. ಅಮರಗುಂಡಪ್ಪ ಮಾಳಿಂಗಪ್ಪನನ್ನು ಕರೆದುಕೊಂಡು ಊರ ಹಾದಿ ಹಿಡಿದ.

"ನಡಿ ಯಕ್ಕಾ, ಹೊತ್ತು ಮುಳುಗ್ತೈತಿ."

"ನೀ ಮುಂದ ನಡಿ ದಾವಲ್‌ಬೀ. ಬಂದೆ."

ದಾವಲ್‌ಬೀ ಬದು ದಾಟಿದ ಮೇಲೆ ಪಂಪಮ್ಮ ಸೆರಗು ಸೊಂಟಕ್ಕೆ ಬಿಗಿದು ಹೊಲದಂಚಿನ ಗುಡ್ಡದ ಬುಡಕ್ಕೆ ನಡೆದಳು. ಎದೆಗವಚಿಕೊಂಡು ಒಂದು ಕಲ್ಲು ತಂದು ಗುಂಡಿಯ ತಲೆಗೆ ಇಟ್ಟಳು. ಮತ್ತೆ ಹೋದಳು. ಕಾಲ ಬಳಿ ಇಟ್ಟಳು. ಮುಂದಿನ ಕಲ್ಲು ಎತ್ತಲಾಗದಷ್ಟು ದೊಡ್ಡದಿತ್ತು. ಅರುವತ್ತು ದಾಟಿದ ಆಕೆ ಮೊಣಕಾಲೂರಿ, ಎರಡೂ ಅಂಗೈ ಕೊಟ್ಟು, ಎತ್ತಿನ ಕುಂಟೆ ಹಾಯಲಾರದ ಆ ಬಂಡೆಯನ್ನು ಕರಿಯ ಮಣ್ಣಿನಲ್ಲಿ ಒಂದೊಂದೇ ಉರುಳು ಉರುಳಿಸುತ್ತ ಬರತೊಡಗಿದಳು.