ಎರಡು ಸುಳಿ

ಕೆಲಸ ಅಂದರೆ ಏನೆಂದು ಮಕ್ಕಳು ಕಣ್ಣಾರೆ ನೋಡಿ ಬರಲಿ ಎಂದು ಆ ಶಾಲೆಯವರು ಪ್ರತಿ ವರ್ಷ ಮೇಲಿನ ತರಗತಿಯವರನ್ನು ಒಂದು ತಿಂಗಳು ಊರಿನ ಅಂಗಡಿ, ಕಚೇರಿ, ಕಾರ್ಖಾನೆಗಳಿಗೆ ಕಳಿಸುತ್ತಿದ್ದರು. ಬಾಯಿದ್ದವರು ಬ್ಯಾಂಕು, ಆಸ್ಪತ್ರೆ, ಬೇಕರಿಗಳನ್ನು ಹಂಚಿಕೊಂಡರು. ಬೇಕರಿಗೆ ಹೋದವರಂತೂ ತಿಂಗಳ ಕೊನೆಗೆ ಕೆನ್ನೆ ಊದಿಸಿಕೊಂಡು ಬಂದರು. ಚಿಕ್ಕಿ ಮಾತ್ರ ಕೈ ಎತ್ತಲಿಲ್ಲ. ಯಾವತ್ತೂ ಎತ್ತಿದವಳಲ್ಲ. ಎಲ್ಲ ಹಂಚಿ ಮುಗಿದ ಮೇಲೆ ಉಳಿದದ್ದು ಒಂದೇ ಜಾಗ, ವಿಗ್ ಮಾಡುವ ಅಂಗಡಿ.

"ನಿನಗೆ ಸರಿಹೋಗುತ್ತೆ ಬಿಡು, ಅಲ್ಲಿರೋ ತಲೆಗಳೂ ಮಾತಾಡಲ್ಲ," ಅಂದರು ಟೀಚರ್.

ತರಗತಿಯೆಲ್ಲ ನಕ್ಕಿತು. ಚಿಕ್ಕಿಯೂ ನಕ್ಕಳು. ನಗದಿದ್ದರೆ ಎಲ್ಲರೂ ಇನ್ನಷ್ಟು ನೋಡುತ್ತಾರೆಂದು ಅವಳಿಗೆ ಗೊತ್ತಿತ್ತು.

ಅಂಗಡಿ ಮೆಟ್ಟಿಲು ಹತ್ತಿ ಹೋಗುವ ಜಾಗದಲ್ಲಿತ್ತು. ಮುಂದಿನ ಕೋಣೆಯಲ್ಲಿ ಒಂದು ಕುರ್ಚಿ, ಒಂದು ದೊಡ್ಡ ಕನ್ನಡಿ, ಬೀದಿಗೆ ಯಾವಾಗಲೂ ಪರದೆ ಎಳೆದ ಕಿಟಕಿ. ಹಿಂದಿನ ಕೋಣೆಯಲ್ಲಿ ಕೆಲಸ. ಅಲ್ಲಿ ಗೋಡೆಯುದ್ದಕ್ಕೂ ಮರದ ತಲೆಗಳು. ಕಣ್ಣು ಮೂಗು ಇಲ್ಲ, ಕತ್ತು ಮಾತ್ರ ಇದೆ. ಪ್ರತಿಯೊಂದಕ್ಕೂ ಬಟ್ಟೆಪಟ್ಟಿ ಸುತ್ತಿ ಗಿರಾಕಿಯ ತಲೆಯ ಅಳತೆಗೆ ತಂದಿರುತ್ತಾರೆ. ಅದರ ಮೇಲೆ ತೆಳುವಾದ ಬಲೆಯ ಟೋಪಿ ಎಳೆದು ಗುಂಡುಸೂಜಿ ಚುಚ್ಚಿ, ಆ ಬಲೆಯ ಒಂದೊಂದು ಕಣ್ಣಿಗೂ ಸಣ್ಣ ಕೊಕ್ಕೆಸೂಜಿಯಿಂದ ಕೂದಲು ಕಟ್ಟಬೇಕು. ಗಂಟು ಯಾವ ದಿಕ್ಕಿಗೆ ಬಿಗಿಯುತ್ತೀರೋ ಕೂದಲು ಆ ದಿಕ್ಕಿಗೆ ಬೀಳುತ್ತದೆ. ಕೆಲಸವೆಲ್ಲ ಇಷ್ಟೇ. ಆದರೆ ಒಂದು ತಲೆ ಮುಗಿಯುವಷ್ಟರಲ್ಲಿ ಕತ್ತು ಕತ್ತಲ್ಲ, ಕಣ್ಣು ಕಣ್ಣಲ್ಲ.

ಅಂಗಡಿಯ ಒಡತಿಯನ್ನು ಎಲ್ಲರೂ ಮೇಡಂ ಅನ್ನುತ್ತಿದ್ದರು. ಕೆಳದನಿಯ, ಉಗುರು ಚೊಕ್ಕಟವಾಗಿ ಕತ್ತರಿಸಿಕೊಂಡ ಹೆಂಗಸು. ಅವರ ಕೈಕೆಳಗೆ ಕೆಲಸ ಮಾಡುವ ದಪ್ಪ ಕನ್ನಡಕದವಳೊಬ್ಬಳಿದ್ದಳು. ಕೆಲಸದಲ್ಲಿ ಗಟ್ಟಿ, ಬಾಯಿಯಲ್ಲಿ ಇನ್ನೂ ಗಟ್ಟಿ.

ಮೊದಲ ದಿನವೇ ಮೇಡಂ ಒಂದು ನಿಯಮ ಹೇಳಿದರು. "ಕೂದಲು ಯಾರದು ಅಂತ ಕೇಳೋ ಹಾಗಿಲ್ಲ. ಯಾರಿಗೆ ಅಂತಲೂ ಕೇಳೋ ಹಾಗಿಲ್ಲ. ಗಿರಾಕಿ ಕುರ್ಚಿಲಿ ಕೂತಾಗ ನಾನೊಬ್ಬಳೇ ಮುಂದೆ ಇರ್ತೀನಿ. ನೀವಿಬ್ಬರೂ ಒಳಗೆ. ಬೋಳುತಲೇಲಿ ಕೂತವರಿಗೆ ಇನ್ನೊಂದು ಜೊತೆ ಕಣ್ಣು ಬೇಡ."

ಚಿಕ್ಕಿ ತಲೆಯಾಡಿಸಿದಳು. ಕೇಳದೆ ಇರುವುದು ಅವಳಿಗೆ ಕಷ್ಟದ ಕೆಲಸವಾಗಿರಲಿಲ್ಲ.

ಕಷ್ಟವಾದದ್ದು ಎರಡನೆಯ ವಾರ. ಮೇಡಂ ಒಂದು ಕೂದಲಿನ ಕಟ್ಟು ತಂದು ಅವಳ ಮುಂದಿಟ್ಟು, ಮೊಳೆ ಬಡಿದ ಹಲಗೆಯ ಮೇಲೆ ಎಳೆದು ಸಿಕ್ಕು ಬಿಡಿಸಲು ಹೇಳಿದರು. ಬೇರಿನ ಕಡೆ ದಾರ ಸುತ್ತಿದ, ಎರಡು ಮೊಳಕ್ಕೆ ಸ್ವಲ್ಪ ಕಡಿಮೆಯಿದ್ದ ಕಪ್ಪು ಕೂದಲು. ತುದಿಯಲ್ಲಿ ಮಾತ್ರ ಬೆರಳುದ್ದ ತಾಮ್ರದ ಬಣ್ಣ. ಚಿಕ್ಕಿ ಅದನ್ನು ಹಲಗೆಗೆ ಹಾಕಿ ಒಂದು ಸಲ ಎಳೆದಳು. ಎರಡನೆಯ ಸಲ ಎಳೆಯುವಾಗ ಕೈ ತಡೆಯಿತು. ಆ ಕೂದಲಿನ ತೂಕ ಅವಳ ಅಂಗೈಗೆ ಗೊತ್ತಿತ್ತು.

ಅದು ಅಕ್ಕನ ಕೂದಲು.

ಅಕ್ಕ ಮನೆ ಬಿಟ್ಟು ಆಗ ಮೂರು ವರ್ಷವಾಗಿತ್ತು. ಬಿಡುವ ಕೆಲವು ದಿನ ಮೊದಲು ಗೆಳತಿಯೊಬ್ಬಳ ಮಾತು ಕೇಳಿ ಕೂದಲ ತುದಿಗೆ ತಾಮ್ರದ ಬಣ್ಣ ಹಚ್ಚಿಸಿಕೊಂಡು ಬಂದಿದ್ದಳು. ಅಲ್ಲಿಂದ ಶುರುವಾದ ಜಗಳ ಎಲ್ಲೆಲ್ಲಿಗೋ ಹೋಯಿತು. "ಹೊಸಿಲು ದಾಟಿದರೆ ಮತ್ತೆ ಮುಖ ತೋರಿಸಬೇಡ," ಎಂದಳು ಅಮ್ಮ. ಅನ್ನುವಾಗ ಅಕ್ಕ ದಾಟಿಯೇ ಬಿಟ್ಟಿದ್ದಳು. ಆಮೇಲೆ ಸುದ್ದಿಯಿಲ್ಲ, ಸುಳಿವಿಲ್ಲ. ಅಮ್ಮ ಅವಳ ಹೆಸರೆತ್ತುವುದನ್ನು ಬಿಟ್ಟಳು. ಆದರೆ ಅವಳ ಹಾಸಿಗೆಯನ್ನು ಯಾರಿಗೂ ಕೊಡಲಿಲ್ಲ, ಬಿಸಿಲಿಗೂ ಹಾಕಲಿಲ್ಲ. ಬೀದಿಯಲ್ಲಿ ಯಾವುದಾದರೂ ಹುಡುಗಿ ಉದ್ದ ಜಡೆ ಬಿಟ್ಟುಕೊಂಡು ಮುಂದೆ ಹೋಗುತ್ತಿದ್ದರೆ ಅಮ್ಮನ ನಡಿಗೆ ತಾನೇ ತಾನಾಗಿ ಜೋರಾಗುತ್ತಿತ್ತು. ಮುಖ ಕಂಡ ಮೇಲೆ ನಿಧಾನವಾಗುತ್ತಿತ್ತು.

"ಏನೇ, ಹಲಗೆ ಕಚ್ತಾ?" ಎಂದಳು ಕನ್ನಡಕದವಳು.

ಚಿಕ್ಕಿ ಇಲ್ಲವೆಂದು ತಲೆಯಾಡಿಸಿದಳು.

ಮೇಡಂ ಬಂದು ಕಟ್ಟನ್ನು ಬೆಳಕಿಗೆ ಹಿಡಿದರು. "ನೋಡು, ಎಷ್ಟುದ್ದ ಬೆಳೆದಿದೆ. ಎಷ್ಟೋ ವರ್ಷದ ಬೆಳೆ. ನಡುವಲ್ಲಿ ಎಳೆ ಒಳ್ಳೇ ದಪ್ಪ. ಬೇರಿನ ಕಡೆ ಬರ್ತಾ ಬರ್ತಾ ಸಣಕಲು." ಒಂದು ಎಳೆಯನ್ನು ಬೆರಳುಗಳ ನಡುವೆ ಹೊಸೆದರು. "ಇಲ್ಲಿಂದ ಈಚೆಗೆ ಮೈಯಲ್ಲಿ ಸುಖ ಇಲ್ಲ."

ಅವರು ಹೋದ ಮೇಲೆ ಕನ್ನಡಕದವಳು ಬಾಗಿ ಮೆಲ್ಲಗೆ ಅಂದಳು. "ಅವರು ಬಾಯಿಬಿಟ್ಟು ಹೇಳಲ್ಲ. ಹೀಗಿರೋದು ಬಹುತೇಕ ತೀರಿಹೋದವರದು ಕಣೆ. ಗಂಟು ಹಾಕುವಾಗ ಗೊತ್ತಾಗುತ್ತೆ. ಹೋದವರ ಕೂದಲು ಹೇಳಿದ ಕಡೆ ಬೀಳಲ್ಲ."

"ಸುಮ್ಮನೆ ಹೇಳ್ತಿದ್ದೀರ," ಅಂದಳು ಚಿಕ್ಕಿ. ಆ ವಾರ ಅವಳು ಆಡಿದ ಮೊದಲ ಮಾತು ಅದೇ ಇರಬೇಕು.

"ಅಬ್ಬ, ನಾಲಿಗೆ ಇದೆ. ಸುಮ್ಮನೆ ಅಂದರೆ ಸುಮ್ಮನೆ. ನೀನೇ ನೋಡ್ತೀಯಲ್ಲ."

ವಿಗ್ಗಿನ ಹಿಂಭಾಗವನ್ನು ಕನ್ನಡಕದವಳು ಕಟ್ಟಿದಳು. ಹಣೆಯ ಅಂಚನ್ನು ಮೇಡಂ ತಮ್ಮ ಕೈಗೇ ಇಟ್ಟುಕೊಂಡರು. ಚಿಕ್ಕಿಯ ಬೆರಳು ಸಣ್ಣದು, ಗಂಟು ಚೊಕ್ಕ ಎಂದು ನೆತ್ತಿಯ ಭಾಗ ಅವಳಿಗೆ ಬಂತು. ನಡುಬೈತಲೆ, ಎರಡೂ ಕಡೆ ಸಮನಾಗಿ ಬೀಳಬೇಕು ಎಂದು ಮೇಡಂ ಬಲೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಕೊಟ್ಟರು. ಚಿಕ್ಕಿ ಆ ಗೆರೆಯನ್ನೇ ನೋಡುತ್ತ ಕಟ್ಟಿದಳು. ಕಟ್ಟುವಾಗ ಅವಳ ಮನಸ್ಸಿನಲ್ಲಿದ್ದುದು ಒಂದೇ: ಇದ್ದಾಳೋ, ಇಲ್ಲವೋ. ಕೇಳುವ ಹಾಗಿಲ್ಲ. ಕೇಳಿದರೆ ಸಿಗುವ ಉತ್ತರದ ಭಯವೂ ಇತ್ತು. ಮನೆಗೆ ಹೋಗಿ ಅಮ್ಮನಿಗೆ ಹೇಳೋಣವೆಂದರೆ, ಏನೆಂದು ಹೇಳುವುದು? ಅಕ್ಕನ ಕೂದಲು ಸಿಕ್ಕಿದೆ, ಅಕ್ಕ ಸಿಕ್ಕಿಲ್ಲ ಎಂದೇ?

ಸಂಜೆ ಬಾಚಿ, ನೀರು ಚಿಮುಕಿಸಿ, ನಡುಬೈತಲೆ ತೆಗೆದು, ಪಿನ್ನು ಹಾಕಿ ಬಿಟ್ಟು ಹೋಗುತ್ತಿದ್ದರು. ಬೆಳಿಗ್ಗೆ ಬಂದು ಪಿನ್ನು ತೆಗೆದರೆ ಕೂದಲು ಎಡಕ್ಕೆ ಹೊರಳುತ್ತಿತ್ತು. ಮತ್ತೆ ಬಾಚಿದರೆ ಮತ್ತೆ ಎಡಕ್ಕೆ. ಕನ್ನಡಕದವಳು ಮೊದಲ ದಿನ ನಕ್ಕಳು. ಎರಡನೆಯ ದಿನ ನಗಲಿಲ್ಲ. ಮೂರನೆಯ ದಿನ ತನ್ನ ಕುರ್ಚಿಯನ್ನು ಆ ತಲೆಗೆ ಬೆನ್ನಾಗದಂತೆ ತಿರುಗಿಸಿಕೊಂಡಳು.

"ತಮಾಷೆಗೆ ಅಂದೆ ಕಣೆ ನಾನು," ಅಂದಳು. ದನಿಯಲ್ಲಿ ತಮಾಷೆ ಇರಲಿಲ್ಲ.

ಚಿಕ್ಕಿ ಆ ತಲೆಯತ್ತ ತಿರುಗಿದಳು. ಕಣ್ಣು ಮೂಗಿಲ್ಲದ ಆ ಮರದ ಮುಖದ ಮೇಲೆ ಕೂದಲು ಎಡಗೆನ್ನೆ ಮುಚ್ಚುವಂತೆ ಬಿದ್ದಿತ್ತು. ಎಚ್ಚರವಾದ ತಕ್ಷಣ ಅಕ್ಕ ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದುದು ಹೀಗೇ. ಇನ್ನೇನು ಕೈಯೆತ್ತಿ ಕೂದಲು ಸರಿಸಿ, "ನೀರು ಕಾದಿದೆಯೇನೇ?" ಎಂದು ಕೇಳುತ್ತದೆ ಅನ್ನಿಸುತ್ತಿತ್ತು. ಕತ್ತಿನ ಕೆಳಗೆ ಕೈಗಳೇ ಇಲ್ಲವೆನ್ನುವುದನ್ನು ಅವಳು ಮತ್ತೆ ಮತ್ತೆ ನೋಡಿ ಖಚಿತಪಡಿಸಿಕೊಳ್ಳಬೇಕಾಗುತ್ತಿತ್ತು.

ಕೊನೆಗೆ ಮೇಡಂ ಭೂತಗನ್ನಡಿ ತಂದು ನೆತ್ತಿಯ ಗಂಟುಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಇದು ಯಾರು ಕಲಿಸಿದರು ನಿನಗೆ?"

"ಯಾವುದು ಮೇಡಂ?"

"ನೇರಕ್ಕೆ ಕಟ್ಟು ಅಂದರೆ ಸುತ್ತ ಕಟ್ಟಿದ್ದೀಯ. ನೆತ್ತಿಲಿ ಒಂದು ಸುಳಿ, ಅದರ ಪಕ್ಕ ಇನ್ನೊಂದು. ಹುಟ್ಟಿದ ತಲೇಲಿ ಇರೋ ಹಾಗೇ ಇದೆ. ಎರಡೂ ಸೇರಿ ಎಲ್ಲವನ್ನೂ ಎಡಕ್ಕೆ ತಳ್ತಾ ಇವೆ."

ಚಿಕ್ಕಿ ತನ್ನ ಬೆರಳುಗಳನ್ನು ನೋಡಿಕೊಂಡಳು. ಮೂರು ವರ್ಷದ ಹಿಂದಿನವರೆಗೂ ಅಕ್ಕನ ತಲೆ ಬಾಚುವುದು ಅವಳದೇ ಕೆಲಸ. "ತಲೆ ಹಿಂದೆ ನನಗೆ ಕಣ್ಣಿಲ್ಲ, ನೀನೇ ಬಾಚು," ಎಂದು ಅಕ್ಕ ಅವಳ ಮುಂದೆ ಕುಕ್ಕರಿಸುತ್ತಿದ್ದಳು. ಎರಡು ಸುಳಿಯ ತಲೆ, ಎರಡು ಪಟ್ಟು ಹಟ ಎಂದು ಅಮ್ಮ ಬೈಯುತ್ತಿದ್ದಳು. ಕಣ್ಣು ಸೀಮೆಸುಣ್ಣದ ಗೆರೆ ನೋಡುತ್ತಿದ್ದರೂ ಕೈ ತನಗೆ ಗೊತ್ತಿದ್ದ ತಲೆಯನ್ನೇ ಕಟ್ಟಿತ್ತು. ಹೆದರಿಕೆಗೆ ಕಾರಣ ಸಿಕ್ಕಿತೆಂದು ಕನ್ನಡಕದವಳು ಉಸಿರು ಬಿಟ್ಟಳು. ಚಿಕ್ಕಿಗೆ ಮಾತ್ರ ಈಗ ತನ್ನ ಕೈಗಳನ್ನು ಕಂಡೇ ಹೆದರಿಕೆಯಾಯಿತು.

"ಬಿಚ್ಚಿ ಕಟ್ಟೋಕೆ ಹೊತ್ತಿಲ್ಲ, ನಾಳೆ ಅವರು ಬರ್ತಾರೆ. ತೋರಿಸಿ ನೋಡೋಣ," ಅಂದರು ಮೇಡಂ.

ಮರುದಿನ ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆ ಕೇಳಿತು. ನಾಲ್ಕು ಹೆಜ್ಜೆ ಹತ್ತಿ ನಿಂತು, ಉಸಿರು ತೆಗೆದುಕೊಂಡು ಮತ್ತೆ ಹತ್ತುವ ಹೆಜ್ಜೆ. ಮೇಡಂ ಒಳಕೋಣೆಯ ಪರದೆ ಎಳೆದು ಮುಂದೆ ಹೋದರು. ಚಿಕ್ಕಿ ಕೊಕ್ಕೆಸೂಜಿ ಹಿಡಿದೇ ಎದ್ದು ಪರದೆಯ ಸಂದಿಗೆ ಕಣ್ಣಿಟ್ಟಳು. ಕನ್ನಡಕದವಳು ಅವಳ ತೋಳು ಹಿಡಿದೆಳೆದಳು. ಚಿಕ್ಕಿ ಕದಲಲಿಲ್ಲ.

ಕುರ್ಚಿಯಲ್ಲಿ ಕೂತವಳು ಬೆನ್ನು ಹಾಕಿದ್ದಳು. ತಲೆಗೆ ಸುತ್ತಿದ ಬಟ್ಟೆ ಬಿಚ್ಚಿದಳು. ಬೋಳಾದ ನೆತ್ತಿಯ ಮೇಲೆ ಕೂಸಿನ ತಲೆಯಂಥ ತುಪ್ಪಳ ಮಾತ್ರ ಉಳಿದಿತ್ತು. ಆ ತುಪ್ಪಳ ಒಂದಕ್ಕೊಂದು ಒತ್ತಿಕೊಂಡ ಎರಡು ಸುಳಿಯಾಗಿ ತಿರುಗಿತ್ತು.

ಕನ್ನಡಿಯಲ್ಲಿದ್ದ ಮುಖವನ್ನು ನೋಡಿದರೆ ಅಕ್ಕನೆಂದು ಹೇಳುವಂತಿರಲಿಲ್ಲ. ಅಮ್ಮನಿಗಿಂತಲೂ ವಯಸ್ಸಾದ ಯಾರೋ. ಹುಬ್ಬಿಲ್ಲ. ಮರದ ತಲೆಗಳ ಸಾಲಿನಿಂದ ಎದ್ದು ಬಂದು ಕೂತಂತಿತ್ತು. ಮೇಡಂ ವಿಗ್ಗನ್ನು ಎರಡು ಕೈಯಿಂದ ಹಿಡಿದು ಹಣೆಯಿಂದ ಹಿಂದಕ್ಕೆ ಎಳೆದು ಕೂರಿಸಿದರು. ಕೂದಲು ಎಡಕ್ಕೆ ಬಿತ್ತು. ಕನ್ನಡಿಯಲ್ಲಿ ಅಕ್ಕ ಬಂದಳು.

ಅವಳು ಬೆರಳಿನಿಂದ ನೆತ್ತಿ ಮುಟ್ಟಿ ನೋಡಿದಳು. ಬೆರಳು ಒಂದು ಕಡೆ ನಿಂತಿತು, ಸುತ್ತಿತು, ಪಕ್ಕಕ್ಕೆ ಸರಿದು ಮತ್ತೆ ಸುತ್ತಿತು.

"ಇಲ್ಲಿ ಯಾರು ಕಟ್ಟಿದ್ದು?"

"ಶಾಲೆಯಿಂದ ಕೆಲಸ ನೋಡೋಕೆ ಬಂದ ಹುಡುಗಿ. ತಪ್ಪಾಗಿದೆ, ನನಗೂ ಗೊತ್ತು. ಒಂದು ವಾರ ಕೊಡಿ, ಬಿಚ್ಚಿ..."

"ಬೇಡ." ಅಕ್ಕ ಕನ್ನಡಿಯೊಳಗಿನಿಂದ ಪರದೆಯನ್ನು ನೋಡುತ್ತಿದ್ದಳು. "ಬಾರೇ ಹೊರಗೆ. ಅಲ್ಲೇ ನಿಂತು ಎಷ್ಟು ಹೊತ್ತು ನೋಡ್ತೀಯ?"

ಮೇಡಂ ಕನ್ನಡಿಯಲ್ಲಿನ ಮುಖವನ್ನೂ ಪರದೆಯನ್ನೂ ನೋಡಿ, ತಮ್ಮ ನಿಯಮವನ್ನು ತಾವೇ ಮುರಿದು ಒಳಗೆ ಹೋದರು. ಚಿಕ್ಕಿ ಕುರ್ಚಿಯ ಹಿಂದೆ ಬಂದು ನಿಂತಳು. ಅಲ್ಲೇ ಇದ್ದ ಬಾಚಣಿಗೆ ಕೈಗೆ ತೆಗೆದುಕೊಂಡಳು.

"ಔಷಧಿಗೆ ಉದುರೋಕೆ ಶುರುವಾಗೋ ಮೊದಲೇ ಕತ್ತರಿಸಿ ತಂದುಕೊಟ್ಟೆ," ಅಂದಳು ಅಕ್ಕ. "ಈ ಕಡೆ ಊರುಗಳಲ್ಲಿ ಇರೋದು ಇದೊಂದೇ ಅಂಗಡಿ. ನೀನಿರ್ತೀಯ ಅಂತ ಕನಸು ಕಂಡಿದ್ನಾ?"

"ವಾಸಿಯಾಗುತ್ತಾ?"

"ಡಾಕ್ಟರು ನಿನ್ನ ಥರಾನೇ. ಬಾಯಿ ಬಿಡಲ್ಲ." ನಕ್ಕಳು. "ಭಾನುವಾರ ಮನೆಗೆ ಬರ್ತೀನಿ. ಒಂದೇ ಒಂದು ಸಲ ಚೆನ್ನಾಗಿರೋ ಹಾಗೆ ಅಮ್ಮನ ಮುಂದೆ ಕೂತು ಎದ್ದು ಹೋಗಬೇಕು. ಅದಕ್ಕೇ ಇದನ್ನ ಮಾಡಿಸಿದ್ದು. ನೀನು ಏನೂ ಹೇಳಕೂಡದು."

"ಗೊತ್ತಾದರೆ?"

"ನೀನು ಹೇಳದಿದ್ದರೆ ಹೇಗೆ ಗೊತ್ತಾಗುತ್ತೆ? ಮಾತಾಡದೆ ಇರೋದರಲ್ಲಿ ನಿನ್ನ ಮೀರಿಸೋರುಂಟಾ?"

ಭಾನುವಾರ ಅವಳು ಬಂದಳು. ಹುಬ್ಬು ಬರೆದುಕೊಂಡು, ತೋಳು ಮುಚ್ಚುವ ಅಂಗಿ ತೊಟ್ಟು, ಮೂರು ವರ್ಷದ ಹಿಂದಿನ ದನಿಯಲ್ಲೇ ಬಾಗಿಲಲ್ಲಿ "ಅಮ್ಮಾ" ಎಂದಳು. ಅಮ್ಮ ಅಳಲಿಲ್ಲ, ಬೈಯಲಿಲ್ಲ. ಸೌಟು ಹಿಡಿದೇ ಬಂದು ಸುಮ್ಮನೆ ನಿಂತು ನೋಡಿದಳು. ಆಮೇಲೆ ಅವಳನ್ನು ಕೂರಿಸಿ, ಬಡಿಸಿ, ಅದು ತಿನ್ನು ಇದು ತಿನ್ನು ಎಂದಳು. ಅಕ್ಕ ತಟ್ಟೆಯಲ್ಲಿ ಕೈಯಾಡಿಸಿದಳೇ ಹೊರತು ಹೆಚ್ಚು ತಿನ್ನಲಿಲ್ಲ. ಅಮ್ಮ ಮತ್ತೆ ಮತ್ತೆ ನೋಡುತ್ತಿದ್ದುದು ಅವಳ ಕೂದಲನ್ನೇ.

"ಎಷ್ಟುದ್ದ ಬೆಳೆಸಿದ್ದೀಯೇ. ಹೋದ ಕಡೆ ಸುಖವಾಗಿದ್ದೀಯ ಅಂತ ಇದೇ ಹೇಳ್ತಿದೆ. ಇಲ್ಲಿ ಬಾ, ಬಾಚ್ತೀನಿ."

"ನಾನು ಬಾಚ್ತೀನಿ," ಅಂದಳು ಚಿಕ್ಕಿ. ದನಿ ಅಗತ್ಯಕ್ಕಿಂತ ಜೋರಾಗಿತ್ತು.

ಅಮ್ಮ ಅವಳತ್ತ ತಿರುಗಿ ನೋಡಿದಳು. "ನೀನು ದಿನಾ ಬಾಚಿದ್ದೀಯಲ್ಲ. ಇವತ್ತು ನಾನು."

ಅಕ್ಕ ಅಮ್ಮನ ಮುಂದೆ ಬೆನ್ನು ಹಾಕಿ ಕೂತಳು. ಅಮ್ಮ ತುದಿಯಿಂದ ಶುರು ಮಾಡಿದಳು. ತಾಮ್ರದ ಬಣ್ಣವನ್ನು ಬೆರಳಿಗೆ ಸುತ್ತಿಕೊಂಡು ಬಿಟ್ಟಳು. ಬಾಚಣಿಗೆ ನಡುವಿಗೆ ಬಂತು. ಕತ್ತಿಗೆ ಬಂತು. ಚಿಕ್ಕಿ ಗೋಡೆಗೆ ಒರಗಿ ನಿಂತು ಅಕ್ಕನ ಮುಖ ನೋಡುತ್ತಿದ್ದಳು. ಅದು ಏನೂ ಆಗದವಳ ಹಾಗೆ ನಗುತ್ತಲೇ ಇತ್ತು. ಕಣ್ಣು ಮಾತ್ರ ಮಿಟುಕುತ್ತಿರಲಿಲ್ಲ. ಬಾಚಣಿಗೆ ನೆತ್ತಿಗೆ ಏರಿದಾಗ ಒಂದು ಹಲ್ಲು ಬಲೆಗೆ ಸಿಕ್ಕಿ ಟಿಕ್ ಎಂದಿತು. ನೆತ್ತಿಯ ಕೂದಲೆಲ್ಲ ಒಟ್ಟಿಗೆ, ಒಂದೇ ತುಂಡಾಗಿ, ಒಂದಿಷ್ಟು ಸರಿಯಿತು.

ಅಮ್ಮನ ಕೈ ಅಲ್ಲೇ ನಿಂತಿತು. ಹೊರಗೆ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು.

ಆಮೇಲೆ ಅಮ್ಮ ಬಾಚಣಿಗೆಯನ್ನು ಸೂಕ್ಷ್ಮವಾಗಿ ಬಿಡಿಸಿ, ಮತ್ತೆ ತುದಿಯವರೆಗೆ ಎಳೆದಳು. ಮತ್ತೆ ಒಂದು ಸಲ. ಎಲ್ಲಿಯೂ ಜಗ್ಗದ ಹಾಗೆ, ಕೂದಲಿಗೆ ನೋವಾದೀತೆಂಬ ಹಾಗೆ.

"ಇವತ್ತು ಎಲ್ಲಿಗೂ ಹೋಗೋದು ಬೇಡ," ಅಂದಳು. "ನಿನ್ನ ಹಾಸಿಗೆ ಹಾಗೇ ಇದೆ. ಇದನ್ನ ತೆಗೆದಿಟ್ಟು ಮಲಗು. ತಲೆಗೆ ಗಾಳಿ ಆಡಲಿ."

ಅಕ್ಕನ ಮುಖದ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಉಳಿಯಿತು. ಆಮೇಲೆ ಅವಳು ಎರಡೂ ಕೈಯೆತ್ತಿ, ಹಣೆಯ ಅಂಚಿನಿಂದ ಬಿಡಿಸಿ, ತೆಗೆದು ಹಿಂದಕ್ಕೆ ಚಾಚಿದಳು. ಅಮ್ಮ ಅದನ್ನು ತೊಡೆಯ ಮೇಲೆ ಇಳಿಸಿಕೊಂಡಳು. ಎದುರಿಗಿದ್ದ ಬರಿಯ ನೆತ್ತಿಯ ಮೇಲೆ ಎಡಗೈ ಇಟ್ಟಳು. ಬಲಗೈ ಮಾತ್ರ ನಿಲ್ಲಲಿಲ್ಲ. ತೊಡೆಯ ಮೇಲಿನ ಕೂದಲನ್ನು ಅದು ಬಾಚುತ್ತಲೇ ಇತ್ತು, ದೀಪ ಹಚ್ಚುವ ಹೊತ್ತಾದರೂ.