ಸ್ನೇಹಲಳ ಸಾಕ್ಷಿ

ಸ್ನೇಹಲಳ ಎದೆಯಲ್ಲಿ ಕೂಡಿಸಿದ್ದ ಲೋಹದ ಕವಾಟ ಸದ್ದು ಮಾಡುತ್ತಿತ್ತು. ಕೈಗಡಿಯಾರವನ್ನು ಕಿವಿಗೆ ಹಿಡಿದಂತೆ ಸಣ್ಣ ಸದ್ದು. ಕೋಣೆಯಲ್ಲಿ ಮಾತು ನಿಂತರೆ ಎದುರು ಕೂತವರಿಗೂ ಕೇಳುತ್ತಿತ್ತು. ಆಪರೇಷನ್ ಆದ ಹೊಸದರಲ್ಲಿ ಅವಳು ಆ ಸದ್ದಿಗೆ ನಿದ್ದೆಗೆಟ್ಟು ಅತ್ತಿದ್ದಳು. ಅಕ್ಕ ಶೀತಲಳಿಗೆ ಮಾತ್ರ ಅದು ಕೇಳಿದರೆ ಜೀವ ನಿರಾಳ. ತಂಗಿಯ ಮನೆಗೆ ಹೋದಾಗ ಚಪ್ಪಲಿ ಕಳಚುವ ಮೊದಲೇ ಅವಳ ಕಿವಿ ಅದನ್ನು ಹುಡುಕುತ್ತಿತ್ತು. ಸ್ನೇಹಲಳ ಗಂಡ ಅಮೋಲ ಅದಕ್ಕೂ ಚೇಷ್ಟೆ ಮಾಡುತ್ತಿದ್ದ. "ನಮ್ಮಾಕಿ ಕಳವು ಮಾಡಾಕ ಹೋದ್ರ ಮೊದಲ ಸಿಕ್ಕ ಬೀಳ್ತಾಳ್ರಿ ಅಕ್ಕಾರ. ಎದ್ಯಾಗ ಅಲಾರಂ ಇಟಗೊಂಡಾಳ."

ತಂದೆ ತಾಯಿ ಇಲ್ಲದ ಮನೆಯಲ್ಲಿ ತಂಗಿಯನ್ನು ಬೆಳೆಸಿದವಳು ಶೀತಲ. ಚಿಕ್ಕಂದಿನ ಕೀಲುನೋವಿನ ಜ್ವರ ಸ್ನೇಹಲಳ ಹೃದಯವನ್ನು ಕೆಡಿಸಿದೆ ಎಂದು ಗೊತ್ತಾದಾಗಿನಿಂದ ಸೋಲಾಪುರದ ಆಸ್ಪತ್ರೆಗಳ ಬೆಂಚುಗಳ ಮೇಲೆಯೇ ಅವಳ ಮದುವೆಯ ವಯಸ್ಸು ಕಳೆದುಹೋಗಿತ್ತು. ಈಗ ಅವಳು ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಸ್ನೇಹಲ ಕರಜಗಿಯಲ್ಲಿ ಹೊಲಮನೆ ಇರುವ ಲಿಂಗಾಯತರ ಮನೆಯ ಸೊಸೆ. ಕವಾಟಕ್ಕೆ ರಕ್ತ ಹೆಪ್ಪುಗಟ್ಟದಂತೆ ಅವಳು ದಿನಾಲೂ ಗುಳಿಗೆ ನುಂಗಬೇಕು, ಬದುಕಿರುವತನಕ. ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದ್ದರು: ಈ ಗುಳಿಗೆ ನಡೆದಿರುವಾಗ ಬಸಿರಾದರೆ ಕೂಸಿಗೆ ಕೇಡು, ಮಗು ಬೇಕೆನಿಸಿದರೆ ಮೊದಲು ನಮ್ಮ ಹತ್ತಿರ ಬನ್ನಿ, ದಾರಿ ನೋಡೋಣ. ಆ ಮಾತಿನ ಮೊದಲ ಅರ್ಧ ಮಾತ್ರ ಮನೆಯಲ್ಲಿ ಉಳಿಯಿತು.

ಒಂದು ವರ್ಷದಿಂದ ಸ್ನೇಹಲ ಅತ್ತೆ ದ್ರೌಪದಿಯ ಜೊತೆ ಪ್ರತಿ ಭಾನುವಾರ ಸೋಲಾಪುರದ ಪ್ರಾರ್ಥನೆಗೆ ಹೋಗತೊಡಗಿದ್ದಳು. ಅಲ್ಲಿಗೆ ಹೋದಮೇಲೆ ದ್ರೌಪದಿಯ ಹಳೇ ತಲೆಶೂಲೆ ನಿಂತಿತ್ತು. ಕೊರಳ ಲಿಂಗ ಕೊರಳಲ್ಲೇ ಇತ್ತು. ಯೇಸುವಿನ ಹತ್ತಿರ ಬೇಡುವುದಕ್ಕೆ ಅದು ಅಡ್ಡ ಬರುತ್ತದೆಂದು ಅತ್ತೆ ಸೊಸೆ ಇಬ್ಬರಿಗೂ ಅನಿಸಿರಲಿಲ್ಲ. ಶೀತಲಳೂ ತಡೆದಿರಲಿಲ್ಲ. ಅಲ್ಲಿ ಯಾರೂ ಅವಳ ತಂಗಿಗೆ 'ಏನಾರ ವಿಶೇಷ ಅದ ಏನ' ಎಂದು ಹೊಟ್ಟೆ ನೋಡಿ ಕೇಳುತ್ತಿರಲಿಲ್ಲ. ಪ್ರಾರ್ಥನೆ ಮುಗಿಸಿ ಬಂದಾಗ ಅವಳ ಮುಖ ತೊಳೆದಿಟ್ಟಂತೆ ಇರುತ್ತಿತ್ತು.

ಚಳಿಗಾಲದ ಒಂದು ಶನಿವಾರ ಶೀತಲ ತಿಂಗಳ ಗುಳಿಗೆ ತೆಗೆದುಕೊಂಡು ಮಧ್ಯಾಹ್ನದ ಎಸ್‌ಟಿ ಬಸ್ಸಿಗೆ ಕರಜಗಿಗೆ ಬಂದಳು. ಪಡಸಾಲೆಯಲ್ಲಿ ಟಿವಿ ಜೋರಾಗಿ ಕೂಗುತ್ತಿತ್ತು. ಔಷಧದ ಡಬ್ಬಿಯಲ್ಲಿ ಹಿಂದಿನ ಪಟ್ಟಿಗಳು ಒಡೆಯದೆ ಹಾಗೇ ಇದ್ದವು.

"ಇದೇನ ಸ್ನೇಹಲಾ?"

ಸ್ನೇಹಲ ಡಬ್ಬಿಯ ಮುಚ್ಚಳ ಹಾಕಿದಳು. ರೊಟ್ಟಿ ತಟ್ಟುತ್ತಿದ್ದ ದ್ರೌಪದಿಯೇ ಹೇಳಿದಳು. "ದೀಪಾವಳಿಗಿ ಬಿಡಿಸೀನಿ. ಸಿಟ್ಟ ಆಗಬ್ಯಾಡ್ರಿ ಅಕ್ಕಾರ. ನಮ್ಮ ಮನ್ಯಾಗ ರಿವಾಜ ಅದ. ಒಂದ ಕಡಿ ಹರಕಿ ಹೊತ್ತ ಮ್ಯಾಲ ಅದು ತೀರೂತನಕ ಇನ್ನೊಂದ ಕಡಿ ಕೈ ಚಾಚಬಾರದು. ನನ್ನ ಮಗ ಸಣ್ಣಾವ ಇದ್ದಾಗ ಹಂಗ ಎರಡ ಕಡಿ ದಾರಾ ಕಟ್ಟಿಸಿ, ಯಾವ ದೇವರೂ ತಿರುಗಿ ನೋಡಲಿಲ್ಲ."

"ಗುಳಗಿ ದೇವರಲ್ರಿ ಅತ್ತಿ," ಶೀತಲ ಅಂದಳು.

"ಅದರ ಮ್ಯಾಲ ಭರೋಸಾ ಇಟ್ರ ಅದೂ ದೇವರ."

ಶೀತಲ ತಂಗಿಯ ಕಡೆ ನೋಡಿದಳು. ಮೆಟ್ಟಿಲು ಹತ್ತಿದವಳಂತೆ ಸ್ನೇಹಲ ಬಾಯಿಂದ ಉಸಿರಾಡುತ್ತಿದ್ದಳು. ಕಾಲು ಬಾತಿದ್ದವೋ, ಬೆಳ್ಳಿ ಕಾಲುಂಗುರ ಬಿಗಿಯಾಗಿ ಕಂಡಿತೋ ತಿಳಿಯಲಿಲ್ಲ. ಅಕ್ಕನ ನೋಟ ತನ್ನ ಕಾಲಿನ ಮೇಲೆ ನಿಂತದ್ದನ್ನು ಕಂಡು ಸ್ನೇಹಲ ಸೀರೆ ಎಳೆದುಕೊಂಡಳು.

"ನಾಳಿ ನಂದು ಸಾಕ್ಷಿ ಅದ ಅಕ್ಕಾ," ಅಂದಳು. ದೇವರು ತನಗೆ ಮಾಡಿದ್ದನ್ನು ಎಲ್ಲರ ಮುಂದೆ ಎದ್ದು ನಿಂತು ಹೇಳುವುದಕ್ಕೆ ಅಲ್ಲಿ ಸಾಕ್ಷಿ ಅನ್ನುತ್ತಾರೆ. "ನೀನೂ ಬಾ. ಕೇಳಿದ ಮ್ಯಾಲ ಬೈಯುವಂತಿ. ಈಗ ಮಾತ್ರ ಏನೂ ಕೇಳಬ್ಯಾಡ, ನನ್ನ ಆಣಿ ಅದ."

ಒಂದು ರಾತ್ರಿಯಲ್ಲಿ ಏನೂ ಆಗದು, ನಾಳೆ ಹೇಗೂ ಸೋಲಾಪುರಕ್ಕೇ ಹೋಗುವುದು, ಅಲ್ಲಿಂದ ಸೀದಾ ಡಾಕ್ಟರ ಹತ್ತಿರ ಎಳೆದೊಯ್ದರಾಯಿತು ಎಂದು ಶೀತಲ ಲೆಕ್ಕ ಹಾಕಿದಳು. ಗುಳಿಗೆಯ ಪಟ್ಟಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

ಪ್ರಾರ್ಥನೆಯ ಸಭೆ ಸೇರುತ್ತಿದ್ದುದು ಚಾದರದ ಅಂಗಡಿಗಳ ಸಾಲಿನ ಮೇಲಿನ ಅಂತಸ್ತಿನಲ್ಲಿ. ನೀಲಿ ಪ್ಲಾಸ್ಟಿಕ್ ಕುರ್ಚಿಗಳು, ಒಂದು ಕೀಬೋರ್ಡು, ಗೋಡೆಗೆ ಮರದ ಶಿಲುಬೆ. ಮರಾಠಿಯಲ್ಲಿ ಹಾಡು, ಮರಾಠಿಯಲ್ಲಿ ಪ್ರಾರ್ಥನೆ, ಹಳ್ಳಿಯವರಿಗಾಗಿ ನಡುನಡುವೆ ಕನ್ನಡ. ಪಾಸ್ಟರ್ ಸೋಮೇಶ ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದ. ತೆಳ್ಳಗಿನ ಮನುಷ್ಯ. ಹಿಂದೆ ಗಿರಣಿಯಲ್ಲಿ ಕೆಲಸಕ್ಕಿದ್ದವನು, ಕುಡಿತ ಬಿಟ್ಟಿದ್ದು ಇಲ್ಲಿಗೆ ಬಂದಮೇಲೆ. ದೇವರು ನಿಮ್ಮ ಕೆಟ್ಟ ಎದೆಯನ್ನು ತೆಗೆದು ಹೊಸ ಎದೆ ಕೊಡುತ್ತಾನೆ ಎಂದು ಅವನು ಹೇಳಿದಾಗ ಅದು ಸಿಟ್ಟು, ಚಟ, ಹೊಟ್ಟೆಕಿಚ್ಚು ಇವುಗಳ ಮಾತು ಎಂದು ಶೀತಲಳಿಗೆ ಅರ್ಥವಾಯಿತು. ಪಕ್ಕದಲ್ಲಿ ಕೂತ ತಂಗಿ ಎರಡೂ ಕೈಗಳಿಂದ ತನ್ನ ಎದೆ ಮುಟ್ಟಿಕೊಂಡಿದ್ದಳು.

ಸ್ನೇಹಲ ಎದ್ದು ಮುಂದೆ ಹೋದಳು. ಮೈಕು ಕೈಗೆ ತೆಗೆದುಕೊಂಡಳು. ಒಂದು ವಾಕ್ಯಕ್ಕೆ ಎರಡು ಸಲ ಉಸಿರು ತೆಗೆದುಕೊಂಡು ಹೇಳಿದಳು.

"ನನ್ನ ಎದ್ಯಾಗ ಕಬ್ಬಣ ಇತ್ತು. ಟಿಕ್ ಟಿಕ್ ಅಂತ ಹಗಲಿ ರಾತ್ರಿ ಆವಾಜ ಮಾಡ್ತಿತ್ತು. ನಾ ಗುಳಗಿ ಬಿಟ್ಟು ದೇವರ ಮ್ಯಾಲ ಭಾರಾ ಹಾಕಿದೆ. ಈಗ ನಾಕ ದಿನದಿಂದ ಆವಾಜ ಬಂದ್ ಆಗೇದ. ಕಬ್ಬಣ ಹೋಗೇದ. ಕೇಳ್ರಿ ಬೇಕಾರ."

ಮೈಕನ್ನು ಅವಳು ಎದೆಗೆ ಒತ್ತಿಕೊಂಡಳು.

ಸಭೆ ಉಸಿರು ಹಿಡಿಯಿತು. ದೊಡ್ಡ ಸ್ಪೀಕರಿನಿಂದ ಸೀರೆಯ ಸರಸರ ಬಂತು. ಆಮೇಲೆ ಏನೂ ಬರಲಿಲ್ಲ. ಯಾರೋ ಹಲ್ಲೆಲೂಯ ಎಂದು ಕೂಗಿದರು, ಇಡೀ ಸಭೆ ಚಪ್ಪಾಳೆಯಲ್ಲಿ ಎದ್ದು ನಿಂತಿತು. ದ್ರೌಪದಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಮೋಲ ಹೆಂಡತಿಯನ್ನು ನೋಡುತ್ತ ಹುಡುಗನಂತೆ ನಗುತ್ತಿದ್ದ.

ಶೀತಲ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಆಪರೇಷನ್ ಆದ ವಾರ್ಡಿನಲ್ಲಿ ನರ್ಸ್ ಹೇಳಿಕೊಟ್ಟ ಮೊದಲ ಪಾಠವೇ ಅದು: ಸದ್ದು ಮಂದವಾದರೆ, ನಿಂತರೆ, ಓಡಿ ಬನ್ನಿ. ನಿನ್ನೆ ಟಿವಿಯ ಗದ್ದಲದಲ್ಲಿ, ಬೆಳಿಗ್ಗೆ ಬಸ್ಸಿನ ಗದ್ದಲದಲ್ಲಿ ತಾನು ಅದನ್ನು ಕೇಳಿಸಿಕೊಂಡೆನೇ ಇಲ್ಲವೇ ಎಂದು ಅವಳು ನೆನಪು ಮಾಡಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ.

ಕುರ್ಚಿಗಳನ್ನು ದಾಟಿಕೊಂಡು ಅವಳು ಪಾಸ್ಟರನ ಹತ್ತಿರ ಹೋದಳು. "ಗುಳಗಿ ಬಿಡಂತ ನೀವು ಹೇಳಿದ್ರೇನ್ರಿ?"

ಸೋಮೇಶ ಗಾಬರಿಯಾದ. "ನಾ ಯಾವಾಗ ಅಂದೇನ್ರಿ ಮೇಡಂ? ನಾನ ಬಿಪಿ ಗುಳಗಿ ತಗೋತೀನಿ. ನಂಬ್ರಿ ಅಂದೀನಿ, ಬಿಡ್ರಿ ಅಂದಿಲ್ಲ."

"ಮತ್ತ ಈಗ ಮೈಕ್ನ್ಯಾಗ ಹೇಳ್ರಿ ಅದನ್ನ. ಎಲ್ಲಾರಿಗೂ ಕೇಳೂ ಹಂಗ."

ಅವನು ಕುಣಿಯುತ್ತಿದ್ದ ಸಭೆಯನ್ನು ನೋಡಿದ. ಆ ಸಂತೋಷದ ನಡುವೆ ಆ ಮಾತು ಹೇಳುವ ಧೈರ್ಯ ಅವನಿಗೆ ಬರಲಿಲ್ಲ. ಸ್ನೇಹಲಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ತಂಗಿ, ಒಮ್ಮಿ ಡಾಕ್ಟರಿಗೆ ತೋರ್ಸ್ಕೊಂಡ ಬಾರವಾ," ಅಂದ. ಸ್ನೇಹಲ ನಕ್ಕಳು. "ನನ್ನ ಪರೀಕ್ಷಾ ಮಾಡಾಕತ್ತೀರೇನ್ರಿ ಪಾಸ್ಟರ್? ನಾ ಪಾಸ್ ಆಗ್ತೀನಿ."

ಮೆಟ್ಟಿಲ ತಿರುವಿನಲ್ಲಿ ಶೀತಲ ತಂಗಿಯನ್ನು ಗೋಡೆಗೆ ನಿಲ್ಲಿಸಿ ಪಟ್ಟಿ ಒಡೆದಳು. ಕೈಯಲ್ಲಿ ನೀರಿನ ಬಾಟಲಿ.

"ಇದೊಂದ ನುಂಗು. ಆಮ್ಯಾಲ ರಿಕ್ಷಾ ಮಾಡೂಣು, ದವಾಖಾನಿಗಿ ಹೋಗೂಣು."

"ಈಗಷ್ಟ ಎಲ್ಲಾರ ಮುಂದ ಸಾಕ್ಷಿ ಹೇಳೀನಿ. ಈಗ ನುಂಗಿದ್ರ ಸುಳ್ಳ ಆಗ್ತೈತಿ."

"ದೇವರಿಗಿ ಬ್ಯಾಡ. ನನ್ನ ಸಲುವಾಗಿ ನುಂಗು. ನಿನಗ ಜಡಿ ಹಾಕಿದಾಕಿ ನಾನು."

ಸ್ನೇಹಲ ಬಾಟಲಿ ಈಸಿಕೊಂಡಳು. "ಒಂದ ಕೂಸ ಬೇಕಾಗಿತ್ತ ಅಕ್ಕಾ ನನಗ, ಮತ್ತೇನಿಲ್ಲ," ಎಂದು ಗುಳಿಗೆ ನುಂಗಿದಳು. ದ್ರೌಪದಿ ಮೇಲಿನ ಮೆಟ್ಟಿಲಿನಿಂದ ಅದನ್ನು ನೋಡಿದಳು.

ರಿಕ್ಷಾ ಹತ್ತುವಾಗ ಸ್ನೇಹಲಳ ತುಟಿ ನೀಲಿಗಟ್ಟಿತು. ಕೆಮ್ಮಿದಳು, ಗುಲಾಬಿ ನೊರೆ ಬಂತು. ಗಂಡನ ತೋಳಿನಲ್ಲೇ ಕುಸಿದಳು.

ಆಸ್ಪತ್ರೆಯ ಡಾಕ್ಟರು ಮರಾಠಿಯಲ್ಲಿ ಬೇಗಬೇಗ ಹೇಳಿದರು. ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿದೆ, ತೆರೆಯದು, ಮುಚ್ಚದು. ಈಗಲೇ ಎದೆ ತೆರೆಯಬೇಕು. ಉಳಿಯುವುದು ಕಷ್ಟ, ಹಾಗೇ ಬಿಟ್ಟರೆ ಉಳಿಯುವುದೇ ಇಲ್ಲ. ರೋಗಿಗೆ ಎಚ್ಚರವಿದೆ, ಅವಳದೇ ಸಹಿ ಬೇಕು.

ಸ್ನೇಹಲ ಆಕ್ಸಿಜನ್ ಮುಖವಾಡವನ್ನು ಸರಿಸಿ ತಲೆ ಅಲ್ಲಾಡಿಸಿದಳು. ದ್ರೌಪದಿ ಬಾಗಿಲಲ್ಲಿ ನಿಂತಿದ್ದಳು. ಅಮೋಲ ಅವಳ ಕಾಲ ಬಳಿ ನಿಂತು ಅಳುತ್ತಿದ್ದ. "ಆಕಿ ಹ್ಞೂಂ ಅಂದ್ರ ನಂದೂ ಹ್ಞೂಂ," ಎಂದಷ್ಟೇ ಅವನಿಗೆ ಹೇಳಲಾಯಿತು.

ಶೀತಲ ಬಗ್ಗಿ ತಂಗಿಯ ಕಿವಿಗೆ ಹತ್ತಿರವಾದಳು.

"ನನ್ನ ನಂಬಿಕಿ ಕಮ್ಮಿ ಬಿತ್ತ ಅಕ್ಕಾ," ಸ್ನೇಹಲ ತುಣುಕು ತುಣುಕಾಗಿ ಅಂದಳು. "ಆ ಗುಳಗಿ ನುಂಗಿದೆ. ಅದಕ್ಕ ದೇವರು ಕೈ ಬಿಟ್ಟ. ಈಗ ಆಪರೇಷನ್ನೂ ಮಾಡಿಸ್ಕೊಂಡ್ರ ಪೂರಾ ಹೋತು."

ಶೀತಲಳಿಗೆ ವಿವರಿಸುವ ಹೊತ್ತಿರಲಿಲ್ಲ. ಹೆಪ್ಪು ಒಂದು ಗಳಿಗೆಯಲ್ಲಿ ಕಟ್ಟುವುದಿಲ್ಲ, ದೀಪಾವಳಿಯಿಂದ ಕಟ್ಟುತ್ತ ಬಂದಿದೆ ಎಂದು ಹೇಳಿದರೆ ತಂಗಿ ನಂಬುವುದಿಲ್ಲ. ನಂಬಿದರೆ ಅವಳ ಹತ್ತಿರ ಏನೂ ಉಳಿಯುವುದಿಲ್ಲ. ಪ್ರತಿ ಮಾತನ್ನೂ ತೂಗಿ ಆಡುವ ಶೀತಲ ಅಂದು ಮೊದಲು ಬಾಯಿಗೆ ಬಂದದ್ದನ್ನು ಆಡಿದಳು.

"ನಿನ್ನ ನಂಬಿಕಿ ಮುರದಿಲ್ಲ. ಮುರದಾಕಿ ನಾನು. ಜುಲುಮಿ ಮಾಡಿ ನುಂಗಿಸೀನಿ. ದೇವರ ಸಿಟ್ಟ ಇದ್ರ ನನ್ನ ಮ್ಯಾಲ ಇರ್ತದ, ನಿನ್ನ ಮ್ಯಾಲಲ್ಲ. ಆಂವಗ ಇಷ್ಟೂ ತಿಳಿಯೂದಿಲ್ಲೇನ? ನೀ ಸಹಿ ಮಾಡು."

"ಖರೇನ?"

"ಖರೆ. ನನ್ನಿಂದ ಆತು ಇದು."

ಸ್ನೇಹಲಳ ಹುಬ್ಬಿನ ಗಂಟು ಸಡಿಲವಾಯಿತು. ಅಕ್ಕನ ಮೇಲೆ ಸಣ್ಣದೊಂದು ಸಿಟ್ಟು ಕಣ್ಣಿನಲ್ಲಿ ಬಂದು ಹೋಯಿತು, ಜಡೆ ಬಿಗಿಯಾಗಿ ಎಳೆದಾಗ ಬರುತ್ತಿದ್ದಂಥದ್ದೇ. ಆಮೇಲೆ ಪೆನ್ನು ಹಿಡಿದಳು.

ಆಪರೇಷನ್ ಕೋಣೆಯಿಂದ ಅವಳು ಜೀವಂತ ಹೊರಗೆ ಬರಲಿಲ್ಲ.

ಕರಜಗಿಯ ಹೊಲದಲ್ಲಿ ಕುಳ್ಳಿರಿಸಿ ಮಣ್ಣು ಮಾಡಿದರು. ಮಣ್ಣಿಗೆ ಬಂದವರೆಲ್ಲ ಶೀತಲಳಿಂದ ದೂರ ಸರಿದು ನಡೆದರು. ದ್ರೌಪದಿ ಬಯ್ಯಲಿಲ್ಲ. ಅಳುತ್ತ ಬಂದವರಿಗೆಲ್ಲ ಒಂದೇ ಮಾತು ಹೇಳಿದಳು. "ನಾ ಯಾಕ ಅನ್ಲಿ? ತನ್ನ ಬಾಯಿಲೆ ಒಪ್ಪಿಕೊಂಡಾಳ. ನನ್ನಿಂದ ಆತು ಅಂದಾಳ. ನಾ ಇದ್ದೆ, ನನ್ನ ಮಗ ಇದ್ದ."

ಮುಂದಿನ ಭಾನುವಾರ ಅಮೋಲ ಸಾಕ್ಷಿ ಹೇಳುವವನಿದ್ದಾನೆ ಎಂದು ತಿಳಿದಾಗ ಶೀತಲ ಸೋಲಾಪುರಕ್ಕೆ ಹೋದಳು. ಅವನು ಏನು ಹೇಳಬಹುದೆಂದು ಗೊತ್ತಿತ್ತು. ಆ ನೀಲಿ ಕುರ್ಚಿಗಳಲ್ಲಿ ಸಕ್ಕರೆ ಕಾಯಿಲೆಯವರು, ಫಿಟ್ಸ್ ಬರುವ ಮಕ್ಕಳ ತಾಯಂದಿರು, ಮನೆಯಲ್ಲಿ ಗುಳಿಗೆಯ ಡಬ್ಬಿ ಇಟ್ಟು ಬಂದವರು ಕೂತಿರುತ್ತಾರೆ. ಅವನು ಮೈಕಿನ ಮುಂದೆ, "ನನ್ನ ಹೆಂಡ್ತಿ ಪೂರಾ ಆರಾಮ ಆಗಿದ್ದಳು. ಒಂದ ಗುಳಗಿಗಿ ನಂಬಿಕಿ ಬಿಟ್ಟಳು," ಎನ್ನುತ್ತಿರುವಾಗಲೇ ಅವಳು ಬಾಗಿಲಲ್ಲಿ ನಿಂತಿದ್ದಳು.

"ಸುಳ್ಳ ಅದು," ಎಂದು ಕೂಗಿದಳು. "ಆವತ್ತ ನಾ ಸುಳ್ಳ ಹೇಳೀನಿ. ಆಕಿ ಸಹಿ ಮಾಡ್ಲಿ ಅಂತ ಹೇಳೀನಿ. ಗುಳಗಿ ಬಿಟ್ಟದ್ದಕ್ಕ ಹೋದ್ಳು ಆಕಿ. ನೀವು ಯಾರೂ ಬಿಡಬ್ಯಾಡ್ರಿ!"

ಅಮೋಲ ತಿರುಗಿ ನೋಡಿದ. ಅವನ ಮುಖದಲ್ಲಿ ಒಂದು ಕ್ಷಣ ಬಯಲಾದ ಹೆದರಿಕೆ ಕಂಡಿತು. ಅವಳ ಮಾತು ಖರೆಯಾದರೆ ತನ್ನ ಮನೆಯ ಒಲೆಯ ಮುಂದೆ, ತನ್ನ ತಾಯಿಯ ಕೈಯಿಂದ ಆದದ್ದು ಏನೆಂದು ಅವನಿಗೆ ಹೊಳೆದಿತ್ತು. ಮರುಕ್ಷಣ ಅವನು ಮುಖ ತಿರುಗಿಸಿಕೊಂಡ.

"ದುಃಖಕ್ಕ ತಲಿ ಕೆಟ್ಟೇದ್ರಿ ಪಾಪ," ಒಬ್ಬ ಹೆಂಗಸು ಅಂದಳು.

"ತಪ್ಪು ಮಾಡಿದ ಭಾರಾ ಅದು. ಕೂಡಸ್ರಿ, ಕೂಡಸ್ರಿ ಆಕಿನ್ನ."

ಮೆತ್ತಗಿನ ಕೈಗಳು ಅವಳನ್ನು ಹಿಡಿದು ಕುರ್ಚಿಯಲ್ಲಿ ಕೂರಿಸಿದವು. ಸೋಮೇಶ ಮುಂದೆ ಬಂದ. ಅವನ ಕಣ್ಣು ಅವಳ ಕಣ್ಣನ್ನು ಸಂಧಿಸಿತು, ಅವನಿಗೆ ಎಲ್ಲ ಗೊತ್ತು ಎಂದು ಅವಳು ಕಂಡಳು. "ಹೇಳ್ರಿ," ಅಂದಳು. "ಬಿಪಿ ಗುಳಗಿ ತಗೋತೀನಿ ಅಂದಿದ್ರಲ್ಲ, ಅದನ್ನರ ಹೇಳ್ರಿ."

ಅವನ ತುಟಿ ಅಲುಗಿತು. ಅಷ್ಟರಲ್ಲಿ ಯಾರೋ ಮರಾಠಿಯಲ್ಲಿ ಪ್ರಾರ್ಥನೆ ಎತ್ತಿಕೊಂಡರು, ಸುತ್ತಲಿನವರೆಲ್ಲ ದನಿಗೂಡಿಸಿದರು. ಈ ಸಹೋದರಿಯ ಮನಸ್ಸಿನ ಗಾಯ ಮಾಯಲಿ, ಈಕೆಯ ಅಪನಂಬಿಕೆ ಗುಣವಾಗಲಿ. ಒಂದೊಂದಾಗಿ ಅಂಗೈಗಳು ಅವಳ ತಲೆ, ಹೆಗಲು, ಬೆನ್ನಿನ ಮೇಲೆ ಇಳಿದವು. ಪಾಸ್ಟರನೂ ಕಣ್ಣು ಮುಚ್ಚಿ ಕೈ ಚಾಚಿದ. ಶೀತಲ ಗುಳಿಗೆಯ ಹೆಸರನ್ನು ಮತ್ತೆ ಮತ್ತೆ ಹೇಳುತ್ತಲೇ ಇದ್ದಳು. ಅವಳ ಹಣೆ ಕೈಗಳ ಭಾರಕ್ಕೆ ಮೊಣಕಾಲಿನತನಕ ಬಗ್ಗಿತು.