ಸ್ನಾನ ಮಾಡಿಸಿದ ಕಾರು

ಮನೆಯ ಯಜಮಾನರು ಲೆಕ್ಕದ ಮೇಷ್ಟ್ರು. ಆದ್ದರಿಂದ ಆ ಮನೆಯಲ್ಲಿ ಜಗಳ ಜಗಳವಾಗಿ ಮುಗಿಯುವ ಭಾಗ್ಯ ಪಡೆದಿರಲಿಲ್ಲ, ಪ್ರಮೇಯವಾಗಿ ಸಾಧಿತವಾಗುತ್ತಿತ್ತು.

"ಬೆಳಿಗ್ಗೆ ಏಳಕ್ಕೆ ನಾನು ಓಡಿಸ್ತೀನಿ, ನಿಲ್ಲಲ್ಲ. ಮಧ್ಯಾಹ್ನ ಎರಡಕ್ಕೆ ನೀನು ಓಡಿಸ್ತೀಯ, ನಿಲ್ಲುತ್ತೆ. ಕಾರು ಅದೇ, ರಸ್ತೆ ಅದೇ. ಬದಲಾಗಿದ್ದು ಏನು?"

"ಬಿಸಿಲು ಕಣ್ರೀ," ಎಂದಳು ಹೆಂಡತಿ.

"ಡ್ರೈವರು," ಎಂದರು ಮೇಷ್ಟ್ರು.

ಹೆಂಡತಿ ಆಸ್ಪತ್ರೆಯ ನರ್ಸು. ಹಾಸಿಗೆ ಹಿಡಿದವರ ಮನೆಗೇ ಹೋಗಿ ಗಾಯಕ್ಕೆ ಪಟ್ಟಿ ಕಟ್ಟಿ ಬರುವ ಕೆಲಸವನ್ನು ಹನ್ನೆರಡು ವರ್ಷ ಕೇಳಿ ಕೇಳಿ ಪಡೆದಿದ್ದಳು. ದಿನಕ್ಕೆ ಹನ್ನೊಂದು ಮನೆ. ಕಾರಿಲ್ಲದಿದ್ದರೆ ಅದು ಆಗದು. ಮತ್ತೆ ಒಳಗೆ ಕೂತು ರಿಜಿಸ್ಟರ್ ಬರೆಯುವುದೇ ಗತಿ. ಇನ್ನೊಂದು ಸಲ ನಡುರಸ್ತೆಯಲ್ಲಿ ನಿಂತರೆ ಕೀ ತಮ್ಮ ಜೇಬಿಗೆ ಎಂದು ಮೇಷ್ಟ್ರು ತೀರ್ಪು ಕೊಟ್ಟಾಗಿತ್ತು. ಅವಳಿಗೆ ನಿಜಕ್ಕೂ ಭಯವಾಗಿತ್ತು.

ಗ್ಯಾರೇಜಿಗೆ ಹೋಗಿರಲಿಲ್ಲವೆಂದಲ್ಲ. ಮೂರು ಸಲ ಹೋಗಿದ್ದರು. ಮೆಕ್ಯಾನಿಕ್‌ಗೆ ಊರಿಟ್ಟ ಹೆಸರು ಗೊಣಗಣ್ಣ. ಆತ ಮೂರು ಸಲವೂ ಕೀ ತಿರುಗಿಸಿದ, ಕಾರು ಮೂರು ಸಲವೂ ಬೆಣ್ಣೆಯಂತೆ ಶುರುವಾಯಿತು. ಮೇಷ್ಟ್ರು ಮೂರು ಸಲವೂ ಹೆಂಡತಿಯ ಕಡೆ ತಿರುಗಿ ಮುಗುಳ್ನಕ್ಕರು. ಆ ನಗೆಗೆ ಯಾವ ಮುಲಾಮೂ ಇಲ್ಲವೆಂಬುದು ನರ್ಸಿಗೆ ಗೊತ್ತಿತ್ತು.

ಮೇಷ್ಟ್ರು ಮರ್ಯಾದಸ್ಥರು. ಕೊಳಕು ಕಾರನ್ನು ನಾಲ್ಕು ಜನರ ಮುಂದೆ ನಿಲ್ಲಿಸುವುದೇ? ಗ್ಯಾರೇಜಿಗೆ ಹೊರಡುವ ಮುನ್ನ ಬಾನೆಟ್ ಎತ್ತಿ, ಎಂಜಿನ್ನಿಗೂ ನಾಲ್ಕು ಬಕೆಟ್ ತಣ್ಣೀರು ಸುರಿದು, ತಮ್ಮ ಹಳೇ ಬನಿಯನ್ನಿನಿಂದ ಒರೆಸುತ್ತಿದ್ದರು. ನಾಲ್ಕನೇ ಸಲ ಬಕೆಟ್ ಹಿಡಿದು ಹೊರಟಾಗ ನೋಡುತ್ತಿದ್ದ ಹೆಂಡತಿಗೆ ತಟ್ಟನೆ ಹೊಳೆಯಿತು. ಜ್ವರ ಬಂದವರಿಗೆ ತಣ್ಣೀರು ಬಟ್ಟೆ ಹಾಕಿ, ಆಮೇಲೆ ಥರ್ಮಾಮೀಟರ್ ಇಡುವ ನರ್ಸನ್ನು ಅವಳು ಇನ್ನೂ ಕಂಡಿರಲಿಲ್ಲ.

"ಇವತ್ತು ತೊಳೀಬೇಡಿ. ಎರಡು ಗಂಟೆಗೆ ಹೋಗೋಣ. ನೀವೇ ಓಡಿಸಿ."

"ಓಹೋ! ಅದನ್ನೂ ಸಾಧಿಸಿ ತೋರಿಸ್ತೀನಿ."

ತೋರಿಸಿದರು. ಮಾರ್ಕೆಟ್ ಸರ್ಕಲ್ಲಿನ ನಟ್ಟನಡುವೆ ಕಾರು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಹಿಂದಿನವರೆಲ್ಲ ಹಾರನ್ ಬಾರಿಸಿದರು. ಮೇಷ್ಟ್ರು ಕೀ ತಿರುಗಿಸಿಯೇ ತಿರುಗಿಸಿದರು. ಹೆಂಡತಿಗೆ ಸಂತೋಷವಾಯಿತು, ಸುಳ್ಳೇಕೆ, ಬಹಳವೇ ಆಯಿತು.

"ಕ್ಲಚ್ ಸರಿಯಾಗಿ ಒತ್ತಿದ್ರಾ?" ಎಂದಷ್ಟೇ ಕೇಳಿದಳು.

ಗ್ಯಾರೇಜು ಎರಡು ತಿರುವಿನಾಚೆಗಿತ್ತು. ಅವಳು ಸ್ಟೀರಿಂಗ್ ಹಿಡಿದಳು, ಮೇಷ್ಟ್ರು ತಳ್ಳಿದರು.

ಗೊಣಗಣ್ಣ ನೋಡಿದ. ಪೆಟ್ರೋಲ್ ಬರುತ್ತಿತ್ತು, ಕಿಡಿ ಬರುತ್ತಿರಲಿಲ್ಲ. ಎಂಜಿನ್ನಿನ ಬುಡದಲ್ಲಿದ್ದ ಹೆಬ್ಬೆರಳಷ್ಟು ವಸ್ತುವಿನ ಮೇಲೆ ಒದ್ದೆ ಬಟ್ಟೆ ಒತ್ತಿ, ಸ್ವಲ್ಪ ಹೊತ್ತು ಕಾದು ಕೀ ತಿರುಗಿಸಿದ. ಕಾರು ಶುರುವಾಯಿತು.

"ಎಂಜಿನ್ ತಿರುಗ್ತಿದೆ ಅಂತ ಸುದ್ದಿ ಕೊಡೋ ಸೆನ್ಸರ್ ಇದು. ಕಾದ್ರೆ ಬಾಯಿ ಕಟ್ಟುತ್ತೆ, ತಣ್ಣಗಾದ್ರೆ ಮತ್ತೆ ಮಾತಾಡುತ್ತೆ. ಬದಲಾಯಿಸಿದ್ರೆ ಮುಗೀತು. ಮೂರು ಸಲ ತಣ್ಣೀರು ಸ್ನಾನ ಮಾಡಿಸಿ ತಂದು ನನ್ನನ್ನೂ ಮಂಗ ಮಾಡಿದ್ರಲ್ಲ ಮೇಷ್ಟ್ರೇ! ಅಕ್ಕನ ತಪ್ಪೇನೂ ಇಲ್ಲ ಇದ್ರಲ್ಲಿ."

ಹೆಂಡತಿ ಕೀಗೆ ಕೈಚಾಚಿದಳು. ಮೇಷ್ಟ್ರು ಬನಿಯನ್ ಅಂಟಿದ ಬೆನ್ನನ್ನು ಕೆರೆದುಕೊಂಡರು.

"ಅದೂ... ನಿನ್ನೇನೇ ನಿಮ್ಮ ಆಸ್ಪತ್ರೆ ಮೇಟ್ರನ್‌ಗೆ ಫೋನ್ ಮಾಡಿಬಿಟ್ಟೆ. ಸೋಮವಾರದಿಂದ ಮನೆಮನೆ ಕೆಲಸ ಬೇರೆಯವರಿಗೆ ಕೊಡಿ, ಇವಳು ರಿಜಿಸ್ಟರ್ ನೋಡ್ಕೋತಾಳೆ ಅಂತ."

ಅವಳ ಮುಖದ ನಗು ಇಳಿಯಿತು. ಹನ್ನೆರಡು ವರ್ಷ ಕಾದಿದ್ದನ್ನು ಈ ಮಹಾನುಭಾವರು ಒಂದೇ ಫೋನಿನಲ್ಲಿ ಮುಗಿಸಿದ್ದರು. ತನ್ನ ಮೊಬೈಲ್ ತೆಗೆದು, ನಂಬರ್ ಒತ್ತಿ, ಸ್ಪೀಕರ್ ಹಾಕಿ ಗಂಡನ ಬಾಯಿಯ ಮುಂದೆ ಹಿಡಿದಳು.

"ಈಗ ಹೇಳಿ. ಹಂತ ಹಂತವಾಗಿ ಹೇಳಿ, ಒಂದೂ ಬಿಡಬೇಡಿ."

ಆ ಕಡೆಯಿಂದ ಮೇಟ್ರನ್ ದನಿ "ಹಲೋ" ಎಂದಿತು. ಮೇಷ್ಟ್ರ ಬಾಯಿ ಕಟ್ಟಿತು. ಗೊಣಗಣ್ಣ ಏನನ್ನೂ ಗೊಣಗದೆ ಕೈಚಾಚಿ ಎಂಜಿನ್ ಆರಿಸಿದ, ಎಲ್ಲರಿಗೂ ಸರಿಯಾಗಿ ಕೇಳಲಿ ಎಂದು.